ಸತ್ಯಾಂಶ: ನಾಸಾ ಸಂಸ್ಕೃತದಲ್ಲಿ ಕೋಡ್ ಬರೆಯುತ್ತಿಲ್ಲ

"ಕಂಪ್ಯೂಟರ್‌ಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಎಂದು ನಾಸಾ ಒಪ್ಪಿದೆ." ವಾಟ್ಸಾಪ್‌ನಲ್ಲಿ ಈ ಸಂದೇಶ ನೀವೂ ನೋಡಿರುತ್ತೀರಿ, ಅಲ್ವಾ? ಇದು ನಿಜವಲ್ಲ.

ಇದರ ಮೂಲ 1985ರ ಒಂದು ಲೇಖನ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ಸಂಶೋಧಕ ರಿಕ್ ಬ್ರಿಗ್ಸ್ ಅದನ್ನು 'ಎಐ ಮ್ಯಾಗಜೀನ್'ನಲ್ಲಿ ಬರೆದರು. ಒಂದು ವಾಕ್ಯದಲ್ಲಿ ಯಾರು, ಏನನ್ನು, ಯಾವುದರಿಂದ ಮಾಡಿದರು ಎಂದು ಸಂಸ್ಕೃತದ ವ್ಯಾಕರಣಕಾರರು ಬಿಡಿಸಿ ಹೇಳುತ್ತಿದ್ದರು. ಕಂಪ್ಯೂಟರ್‌ಗೆ ಅರ್ಥ ತಿಳಿಸಲು ಆಗ ಬಳಸುತ್ತಿದ್ದ ವಿಧಾನಕ್ಕೂ ಇದಕ್ಕೂ ಹೋಲಿಕೆ ಇದೆ ಎಂಬುದು ಅವರ ವಾದ. ಪ್ರೋಗ್ರಾಂಗಳನ್ನು ಸಂಸ್ಕೃತದಲ್ಲೇ ಬರೆಯಬೇಕು ಎಂದು ಅವರು ಹೇಳಲಿಲ್ಲ. ಅದು ನಾಸಾದ ನಿಲುವೂ ಅಲ್ಲ.

ಸಂಸ್ಕೃತದ ಪ್ರಾಚೀನ ವ್ಯಾಕರಣಕಾರ ಪಾಣಿನಿಯ ಹಿರಿಮೆಗೆ ಈ ಸುಳ್ಳು ಬೇಕಾಗಿಯೂ ಇಲ್ಲ. ಸುಮಾರು 4,000 ಪುಟ್ಟ ಸೂತ್ರಗಳಲ್ಲಿ ಒಂದು ಭಾಷೆಯ ವ್ಯಾಕರಣವನ್ನು ಕಟ್ಟಿದ್ದು, ಎರಡು ನಿಯಮ ಎದುರಾದಾಗ ಯಾವುದು ಗೆಲ್ಲಬೇಕು ಎಂದೂ ಯೋಚಿಸಿದ್ದು ನಿಜಕ್ಕೂ ದೊಡ್ಡ ಸಾಧನೆ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಬೇಕಾದದ್ದೂ ಇಂಥ ಯೋಚನೆಯೇ: ಹಂತ, ಷರತ್ತು, ಕ್ರಮ.

ಅದನ್ನು ಕನ್ನಡದಲ್ಲಿ ಯೋಚಿಸುತ್ತಲೇ ಕಲಿಯಬಹುದು. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಮೌಲ್ಯಗಳನ್ನು ಇಟ್ಟುಕೊಳ್ಳುವ ವೇರಿಯಬಲ್‌ಗಳಿಗೆ ಕನ್ನಡ ಹೆಸರನ್ನೇ ಇಡಬಹುದು. ಬೆಲೆ = 20, ಎಷ್ಟು = 3 ಎಂದು ಕೊಟ್ಟು, ಒಟ್ಟು = ಬೆಲೆ * ಎಷ್ಟು ಎಂದು ಬರೆಯಿರಿ. 60 ಎಂದು ಸರಿಯಾಗಿ ಲೆಕ್ಕ ಹಾಕುತ್ತದೆ. if, for ಥರದ, ಇಂಗ್ಲಿಷಿನಲ್ಲೇ ಬರೆಯಬೇಕಾದ ಕೀವರ್ಡ್‌ಗಳು ಸುಮಾರು 35 ಮಾತ್ರ.