ನಮಗ್ಯಾಕೆ ಊರ ಉಸಾಬರಿ?

ಇಲ್ಲಿ ಅಮೆರಿಕದಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಬಿಳಿಯ ಹೆಂಗಸೊಬ್ಬರಿದ್ದಾರೆ. ಸ್ಕೂಲ್ ಟೀಚರ್ ಆಗಿದ್ದವರು. ರಸ್ತೆಯಲ್ಲಿ ಪೊಲೀಸರು ಯಾವುದಾದರೂ ಕಪ್ಪು ಹುಡುಗನ ಕಾರು ನಿಲ್ಲಿಸಿದ್ದು ಕಂಡರೆ ಅವರೂ ಸ್ವಲ್ಪ ಮುಂದೆ ಹೋಗಿ ನಿಲ್ಲಿಸುತ್ತಾರೆ. ಇಳಿದು, ದೂರದಲ್ಲಿ, ಇಬ್ಬರಿಗೂ ಕಾಣುವ ಹಾಗೆ ನಿಲ್ಲುತ್ತಾರೆ. ಕೈಯಲ್ಲಿ ಫೋನು. ಮಾತಿಲ್ಲ, ಕೂಗಾಟವಿಲ್ಲ. ಹುಡುಗ ಕ್ಷೇಮವಾಗಿ ಹೊರಟ ಮೇಲೆ ತಾವೂ ಹೊರಡುತ್ತಾರೆ.

ಒಂದು ಚಳಿಗಾಲದ ಸಂಜೆ ನಾನು ಅವರ ಕಾರಿನಲ್ಲಿದ್ದೆ. ಅವರು ಹಿಮದಲ್ಲಿ ಇಳಿದು ನಿಂತರು. ನಾನು ಇಳಿಯಲಿಲ್ಲ. ಇವರಿಗ್ಯಾಕೆ ಊರ ಉಸಾಬರಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಈ ಮಾತು ಕೇಳಿಕೊಂಡೇ ಬೆಳೆದವನು ನಾನು. ಪೊಲೀಸರು ಯಾರಿಗೋ ಹೊಡೆದರು ಅಂತ ಸುದ್ದಿ ಬಂದರೆ ನಮ್ಮ ಮನೆಯಲ್ಲಿ "ಏನೋ ಮಾಡಿರ್ತಾನೆ ಬಿಡು" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ನಾನಿರುವುದು ಮಿನಿಯಾಪೊಲಿಸ್ ಪಕ್ಕದಲ್ಲಿ. 2020ರ ಮೇ 25ರಂದು ಇದೇ ನಗರದ 38ನೇ ಸ್ಟ್ರೀಟ್ ಮತ್ತು ಚಿಕಾಗೊ ಅವೆನ್ಯೂ ಕೂಡುವ ಮೂಲೆಯಲ್ಲಿ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟರು. 20 ಡಾಲರಿನ ಖೋಟಾ ನೋಟು ಕೊಟ್ಟರು ಎಂಬ ದೂರು, ಅಷ್ಟೇ. ಡೆರೆಕ್ ಶಾವಿನ್ ಎಂಬ ಪೊಲೀಸ್ 9 ನಿಮಿಷಕ್ಕೂ ಜಾಸ್ತಿ ಹೊತ್ತು ಅವರ ಕುತ್ತಿಗೆಯ ಮೇಲೆ ಮಂಡಿ ಒತ್ತಿದ. ಪೊಲೀಸ್ ಇಲಾಖೆ ಕೊಟ್ಟ ಮೊದಲ ಹೇಳಿಕೆಯಲ್ಲಿ ಮಂಡಿಯ ಸುದ್ದಿಯೇ ಇರಲಿಲ್ಲ. ಆರೋಗ್ಯದ ತೊಂದರೆಯಾಯಿತು, ಸತ್ತರು ಅಂತಿತ್ತು. 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ಅಲ್ಲೇ ನಿಂತು ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿದ್ದಳು. ಅವಳು ಸುಮ್ನೆ ಮನೆಗೆ ಹೋಗಿದ್ದರೆ ಲೋಕಕ್ಕೆ ಆ ಹೇಳಿಕೆಯಷ್ಟೇ ಸಿಗುತ್ತಿತ್ತು. ನಮ್ಮ ಟೀಚರ್ ಕೈಯಲ್ಲಿ ಫೋನು ಯಾಕಿರುತ್ತದೆ ಅಂತ ನನಗೆ ಅರ್ಥವಾದದ್ದು ಆಮೇಲೆ.

ಆ ವಿಡಿಯೊದಲ್ಲಿ ನನ್ನನ್ನು ಇವತ್ತಿಗೂ ಕಾಡುವವನು ಬೇರೊಬ್ಬ. ಟೌ ತಾವ್ ಎಂಬ ಪೊಲೀಸ್. ಆಗ್ನೇಯ ಏಷ್ಯಾದ ಹ್ಮಾಂಗ್ ಜನಾಂಗದವನು. ಅವನು ಕುತ್ತಿಗೆ ಒತ್ತಲಿಲ್ಲ. ಫ್ಲಾಯ್ಡ್‌ಗೆ ಬೆನ್ನು ಮಾಡಿ, ಬಿಡಿ ಬಿಡಿ ಅಂತ ಬೇಡುತ್ತಿದ್ದ ಜನರನ್ನು ತಡೆದು ನಿಂತಿದ್ದ. ಕೋರ್ಟು ಅವನನ್ನೂ ತಪ್ಪಿತಸ್ಥ ಅಂದಿತು. ಅವನು ಬಿಳಿಯನಲ್ಲ, ಕಪ್ಪು ಜನರವನೂ ಅಲ್ಲ. ನಮ್ಮ ಹಾಗೆ ನಡುವೆ ಇದ್ದವನು. ಆ ವಾರ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, ಆ ಸಾವಿನ ನಂತರದ ಗಲಭೆಯಲ್ಲಿ ಸುಟ್ಟ ಅಂಗಡಿಗಳ ಬಗ್ಗೆ ಬಂದಷ್ಟು ಮಾತು ಸತ್ತ ಮನುಷ್ಯನ ಬಗ್ಗೆ ಬರಲಿಲ್ಲ. ನಾನೂ ಬರೆಯಲಿಲ್ಲ. ನಮಗೂ ಬೆನ್ನು ಮಾಡುವುದು ಚೆನ್ನಾಗಿ ಗೊತ್ತು.

ಇಲ್ಲಿ ಟೀಚರ್‌ರಂಥವರನ್ನು ಅಲೈ (ally) ಅನ್ನುತ್ತಾರೆ. ನಾನು ಬೆನ್ನಿಗೆ ನಿಂತವರು ಅನ್ನುತ್ತೇನೆ. ಅದೇ ವಾರ ಲೂಯಿವಿಲ್ ನಗರದಲ್ಲಿ ಬಿಳಿಯ ಹೆಂಗಸರು ಕೈಗೆ ಕೈ ಕೋದುಕೊಂಡು, ಪೊಲೀಸರಿಗೂ ಕಪ್ಪು ಪ್ರತಿಭಟನಾಕಾರರಿಗೂ ನಡುವೆ ಸಾಲಾಗಿ ನಿಂತಿದ್ದರು. ನಮ್ಮ ಟೀಚರ್ ಕೂಡ ಇಲ್ಲಿನ ಮೆರವಣಿಗೆಯಲ್ಲಿ ಹಾಗೇ ಅಂಚಿನಲ್ಲಿ ನಡೆದರು. ಮೈಕ್ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದೆ. "ಮಾತಾಡಬೇಕಾದವರು ಅವರು. ಆದರೆ ನನ್ನ ಮೇಲೆ ಲಾಠಿ ಎತ್ತಲು ಪೊಲೀಸ್ ಹಿಂದೆಮುಂದೆ ನೋಡುತ್ತಾನೆ. ಇದು ನಾನು ದುಡಿದು ಗಳಿಸಿದ ಮರ್ಯಾದೆ ಅಲ್ಲ. ಹಾಗಾಗಿ ಬೇರೆಯವರಿಗೆ ಬಳಸುತ್ತೇನೆ" ಅಂದರು. ಬೇಸಿಗೆ ಕಳೆಯಿತು, ಜನ ಕರಗಿದರು. ಅವರು ಈಗಲೂ ನಗರಸಭೆಯ ಸಭೆಗಳಿಗೆ ಹೋಗುತ್ತಾರೆ.

ಇಂಥವರಲ್ಲಿ ಕೆಲವರು ಜೀವವನ್ನೇ ಕೊಟ್ಟಿದ್ದಾರೆ. ವಯೋಲಾ ಲಿಯುಜೊ ಡೆಟ್ರಾಯಿಟ್‌ನವರು, ಐದು ಮಕ್ಕಳ ತಾಯಿ. 1965ರಲ್ಲಿ ತಮ್ಮದೇ ಕಾರಿನಲ್ಲಿ ಅಲಬಾಮಾಕ್ಕೆ ಹೋಗಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ಮೆರವಣಿಗೆಗೆ ಸೇರಿದರು. ಮಾರ್ಚ್ 25ರ ರಾತ್ರಿ, ನಡೆದು ಬಂದವರನ್ನು ಊರಿಗೆ ಬಿಡುವ ಕೆಲಸದಲ್ಲಿದ್ದಾಗ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಗುಂಡಿಟ್ಟು ಕೊಂದರು. ನನಗೆ ಕಲ್ಯಾಣದ ಮಧುವರಸ ನೆನಪಾಗುತ್ತಾನೆ. ಬ್ರಾಹ್ಮಣನಾಗಿ ಹುಟ್ಟಿ ಸಮಗಾರ ಹರಳಯ್ಯನ ಮಗನಿಗೆ ಮಗಳನ್ನು ಕೊಟ್ಟ. ಹರಳಯ್ಯನಿಗಾದ ಮರಣಶಿಕ್ಷೆಯೇ ಅವನಿಗೂ ಆಯಿತು ಅನ್ನುತ್ತಾರೆ.

ಅದೇ 1965ರ ಅಕ್ಟೋಬರಿನಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ಅದಕ್ಕೆ ಮುಂಚೆ ಭಾರತದ ಪಾಲಿಗೆ ಇದ್ದದ್ದು ವರ್ಷಕ್ಕೆ 100 ಜನರ ಕೋಟಾ. ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದವರ ಹೋರಾಟದ ಗಾಳಿಯಲ್ಲೇ ನಮಗೂ ಬಾಗಿಲು ತೆರೆಯಿತು. ಇದನ್ನು ನಮ್ಮ ಮಕ್ಕಳಿಗೆ ನಾವು ಹೇಳುವುದಿಲ್ಲ. ಬದಲಿಗೆ "ಆ ಏರಿಯಾ ಸರಿ ಇಲ್ಲ, ಆ ಕಡೆ ಹೋಗಬೇಡ" ಅಂತ ಹೇಳಿಕೊಡುತ್ತೇವೆ.

ಇನ್ನು ನಮ್ಮ ಬೆಂಗಳೂರು. 2016ರ ಜನವರಿ 31ರ ರಾತ್ರಿ, ಹೆಸರಘಟ್ಟ ರಸ್ತೆ ಕಡೆ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಹೆಂಗಸೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಬಂದ ಟಾಂಜಾನಿಯಾದ ಹುಡುಗಿಗೆ ಜನ ಹೊಡೆದು ಬಟ್ಟೆ ಹರಿದರು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಇದ್ದದ್ದು ಮೈಬಣ್ಣ ಮಾತ್ರ. ಮೈ ಮುಚ್ಚಿಕೊಳ್ಳಲು ತನ್ನ ಟೀಶರ್ಟ್ ಕೊಡಲು ಹೋದ ಒಬ್ಬನಿಗೂ ಏಟು ಬಿತ್ತು ಅಂತ ಆಗ ವರದಿಯಾಗಿತ್ತು. ಅವನು ಯಾರೋ. ಆ ಗುಂಪಿನ ನಡುವೆ ಅವನೊಬ್ಬನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. 2021ರ ಆಗಸ್ಟ್‌ನಲ್ಲಿ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೋ ದೇಶದ ಯುವಕನೊಬ್ಬ ತೀರಿಕೊಂಡ. ಠಾಣೆಯ ಮುಂದೆ ಪ್ರತಿಭಟಿಸಿದ ಆಫ್ರಿಕನ್ನರ ಮೇಲೆ ಲಾಠಿ ಬಿತ್ತು. ಅವತ್ತು ಅವರಿಗೂ ಪೊಲೀಸರಿಗೂ ನಡುವೆ ಕನ್ನಡಿಗರು ಸಾಲಾಗಿ ನಿಂತಿದ್ದರೆ? ಟೀಚರ್‌ಗೆ ಅಮೆರಿಕದಲ್ಲಿರುವ ಮರ್ಯಾದೆ ಬೆಂಗಳೂರಿನಲ್ಲಿ ಇರುವುದು ನಮಗೇ ಅಲ್ವಾ?

ಚಿಕ್ಕಬಾಣಾವರದಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ತಮ್ಮ ಇದ್ದಾನೆ, ಮಹಡಿ ಖಾಲಿ. ಕಾಲೇಜಿಗೆ ಬಂದ ಇಬ್ಬರು ಆಫ್ರಿಕಾದ ಹುಡುಗರು ಬಾಡಿಗೆಗೆ ಕೇಳಿದ್ದಾರಂತೆ. ಬ್ರೋಕರ್ ತಾನೇ ಬೇಡ ಅಂದಿದ್ದಾನೆ. ಕೊಡೋಣ ಅಂತ ನಾನು ತಮ್ಮನಿಗೆ ಹೇಳಿದೆ. "ಅಣ್ಣಾ, ನೀನು ಅಲ್ಲಿ ಕೂತು ಹೇಳ್ತೀಯ. ದಿನಾ ಬೀದಿಯವರ ಮುಖ ನೋಡಬೇಕಾದವನು ನಾನು" ಅಂದ. ಅವನು ಹೇಳಿದ್ದು ಸರಿ. ಮುಂದಿನ ತಿಂಗಳು ರಜೆ ಹಾಕಿ ಹೋಗುತ್ತಿದ್ದೇನೆ. ಅಕ್ಕಪಕ್ಕದ ಮನೆಗಳಿಗೆ ನಾನೇ ಹೋಗಿ ಮಾತಾಡುತ್ತೇನೆ, ಅಲ್ಲಿಯವರೆಗೆ ಮಹಡಿ ಬೇರೆ ಯಾರಿಗೂ ಕೊಡಬೇಡ ಅಂದಿದ್ದೇನೆ.