ಪಿಎಚ್ ಅಳೆದವರಿಗೆ ಪಿಎಚ್‌ಡಿ

ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯವರು, 2025ರ ಫೆಬ್ರವರಿಯಲ್ಲಿ ನಂಬಬಹುದಾದ ಸಂಶೋಧನಾ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನೇ ಕೈಬಿಟ್ಟರಲ್ಲ, ನನಗಂತೂ ಬಹಳ ಸಂತೋಷ. ಯಾವ ಜರ್ನಲ್ ಅಸಲಿ, ಯಾವುದು ನಕಲಿ ಅಂತ ಇನ್ನು ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಬೇಕಂತೆ. 2018ರಲ್ಲಿ ಇದೇ ಯುಜಿಸಿ, ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಏಟಿಗೆ ಕಿತ್ತುಹಾಕಿತ್ತು. ಕಳೆ ಕಿತ್ತು ಸಾಕಾಗಿ ಈಗ ಹೊಲವನ್ನೇ ಬಿಟ್ಟುಕೊಟ್ಟಿದೆ.

ನಮ್ಮ ಪರಿಸರ ವಿಜ್ಞಾನ ವಿಭಾಗಗಳಲ್ಲಿ ಹಬ್ಬವೇ ಇರಬೇಕು. ಅಲ್ಲಿನ ಸಂಶೋಧನೆ ಗೊತ್ತಲ್ಲ? ‘ಇಂಥ ತಾಲ್ಲೂಕಿನ ಇಂಥ ಕೆರೆ ನೀರಿನ ಭೌತ-ರಾಸಾಯನಿಕ ಅಧ್ಯಯನ.’ ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಪಿಎಚ್ ಮುಂತಾದವನ್ನು ಅಳೆಯುವುದು. ಕೆರೆ ಹೆಸರು ಬದಲಿಸಿದರೆ ಪಕ್ಕದ ತಾಲ್ಲೂಕಿನವರಿಗೂ ಒಂದು ಥೀಸಿಸ್. ನಾಡಿನಲ್ಲಿ ಕೆರೆಗಳಿಗೇನು ಬರವೇ? ನೀರಿಗೆ ಇರಬಹುದು.

ಕೆಲಸ ಸುಲಭ ಅಂದುಕೊಳ್ಳಬೇಡಿ. ನೀರಿನ ಕೊಳೆ ಎಷ್ಟು ಆಮ್ಲಜನಕ ನುಂಗುತ್ತದೆ ಅನ್ನುವ ಲೆಕ್ಕ ಬಿಒಡಿ. ಸ್ಯಾಂಪಲ್ಲನ್ನು 20 ಡಿಗ್ರಿಯಲ್ಲಿ ಐದು ದಿನ ಇಡಬೇಕು. ನಮ್ಮ ಸೆಖೆಗೆ ಹೊಂದುವಂತೆ 27 ಡಿಗ್ರಿಯಲ್ಲಿ ಮೂರು ದಿನ ಅಂತಲೂ ಮಾಡಿಕೊಂಡಿದ್ದೇವೆ. ಆ ಮೂರು ದಿನ ಕರೆಂಟ್ ಹೋಗದಿದ್ದರೆ ವಿಜ್ಞಾನ. ಹೋದರೆ ಎಕ್ಸೆಲ್ ಇದೆಯಲ್ಲ.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಅಷ್ಟು ತಾಳ್ಮೆ ಇರಲಿಲ್ಲ. 2015ರಲ್ಲಿ ಅದರ ನೊರೆಗೆ ಬೆಂಕಿ ಬಿತ್ತು. 2017ರಲ್ಲಿ ಮತ್ತೆ ಹತ್ತಿತು. 2018ರ ಜನವರಿಯಲ್ಲಿ ಆರಿಸಲು ಸೈನಿಕರೇ ಬರಬೇಕಾಯಿತು. ಶುದ್ಧ ಮಾಡದೆ ಬಿಟ್ಟ ಚರಂಡಿ ನೀರು, ಸೋಪಿನ ಪುಡಿಯ ಫಾಸ್ಫೇಟು ಅಂತ ಐಐಎಸ್‌ಸಿಯವರು ಕಾರಣ ಬರೆದೇ ಕೊಟ್ಟಿದ್ದರು. ಅದು ಒಳ್ಳೆಯ ಸಂಶೋಧನೆ. ಹಾಗಾಗಿ ಓದಬೇಕಾದವರು ಓದಲಿಲ್ಲ. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿದಾಗ ಕಿವಿ ಸ್ವಲ್ಪ ನೆಟ್ಟಗಾಯಿತು.

ಇನ್ನು ಪೇಪರು, ಅಂದರೆ ಸಂಶೋಧನಾ ಲೇಖನ. ನಿನ್ನೆ ಮೊನ್ನೆ ಸೇರಿದ ಹುಡುಗನಿಗೆ ‘ಮಾನ್ಯ ಮಹಾ ವಿದ್ವಾಂಸರೇ’ ಅಂತ ಇಮೇಲ್ ಬರುತ್ತದೆ. ದುಡ್ಡು ಕಟ್ಟಿದರೆ ಎರಡೇ ದಿನದಲ್ಲಿ ಅಂತರರಾಷ್ಟ್ರೀಯ ಜರ್ನಲ್ಲು, ಜೊತೆಗೆ ಸರ್ಟಿಫಿಕೇಟು. ಲೇಖಕರ ಸಾಲಿನಲ್ಲಿ ಗೈಡು, ಎಚ್‌ಒಡಿ, ಎಚ್‌ಒಡಿಗೆ ಬೇಕಾದವರು. ಕೆರೆಗೆ ಇಳಿದವನ ಹೆಸರು ಜಾಗ ಉಳಿದರೆ. ಪಿಎಚ್‌ಡಿಗೆ ಪೇಪರ್ ಕಡ್ಡಾಯವಲ್ಲ ಅಂತ 2022ರಲ್ಲೇ ನಿಯಮ ಬದಲಾಗಿದೆ. ಪೇಪರ್ ಲೆಕ್ಕ ತೋರಿಸಿ ಬಡ್ತಿಗೆ ಕಾಯುತ್ತಿರುವ ಗೈಡುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಸಾಕು, ನಗು ಬರುತ್ತಿಲ್ಲ. 2023ರಿಂದ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಕಾಗದದ ಮೇಲೆ ಚೆನ್ನಾಗಿದೆ. ಇನ್‌ಸ್ಪೈರ್ ಅನ್ನುವ ಕೇಂದ್ರ ಸರ್ಕಾರದ ಯೋಜನೆಯ ಫೆಲೋಗಳು ತಿಂಗಳುಗಟ್ಟಲೆ ದುಡ್ಡೇ ಬಂದಿಲ್ಲ ಅಂತ ಊರೆಲ್ಲ ಕೇಳುವಂತೆ ಕೂಗಬೇಕಾಯಿತು. ಫೆಲೋಶಿಪ್ಪೇ ಇಲ್ಲದವರು ಕೂಗುವುದು ಯಾರ ಹತ್ತಿರ? ಕೊಳಚೆಗೆ ಕೈ ಹಾಕಿ ಬಾಟಲಿ ತುಂಬುವ ಹುಡುಗಿಗೆ ಗ್ಲೌಸು ಸ್ವಂತ ಖರ್ಚು, ಬಸ್ ಚಾರ್ಜು ಸ್ವಂತ, ಜರ್ನಲ್ ಫೀಸೂ ಸ್ವಂತ. ಇಷ್ಟೆಲ್ಲ ಆಗಿ ವೈವಾಕ್ಕೆ, ಅಂದರೆ ಕೊನೆಯ ಮೌಖಿಕ ಪರೀಕ್ಷೆಗೆ ಬಂದರೆ, ಏಸಿ ಕೋಣೆಯಲ್ಲಿ ಗೋಡಂಬಿ ತಿನ್ನುತ್ತಾ ಒಬ್ಬರು ಕೇಳುತ್ತಾರೆ: “ಇದರಿಂದ ಸಮಾಜಕ್ಕೇನಮ್ಮಾ ಉಪಯೋಗ?”