ಮೈಲಿಗೊಂದು ಪೌಂಡು

“ಸೈಕಲ್ ಹೊಡೆದರೆ ದುಡ್ಡು ಕೊಡ್ತಾರಾ?” ಅಂತ ಅಮ್ಮ ಫೋನಿನಲ್ಲಿ ಮೂರು ಸಲ ಕೇಳಿದಳು.

ಕೊಡ್ತಾರೆ, ಆದರೆ ನನಗಲ್ಲ ಅಂದೆ. ಇಲ್ಲಿ ಆಸ್ಪತ್ರೆ ಥರದ ಒಂದು ಜಾಗ ಇದೆ. ಇನ್ನು ವಾಸಿಯಾಗಲ್ಲ ಅನ್ನುವವರನ್ನು ಕೊನೆಯವರೆಗೂ ನೋವಿಲ್ಲದ ಹಾಗೆ ನೋಡಿಕೊಳ್ಳುತ್ತಾರೆ. ಒಂದು ಪೈಸೆ ತಗೊಳ್ಳಲ್ಲ. ಸರ್ಕಾರ ಕೊಡೋದು ಖರ್ಚಿನ ಒಂದು ಭಾಗ ಮಾತ್ರ. ಉಳಿದದ್ದನ್ನು ಜನ ಓಡಿ, ಈಜಿ, ಕೇಕು ಮಾರಿ, ಸೈಕಲ್ ಹೊಡೆದು ಕೂಡಿಸುತ್ತಾರೆ. ಇಷ್ಟನ್ನೂ ಬಿಡಿಸಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಸುಮ್ನೆ ದುಡ್ಡು ಕೊಟ್ಟುಬಿಡಬಾರದಾ? ನಡುವೆ ಸೈಕಲ್ ಯಾಕೆ?” ಅಂದಳು.

ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷವಾದರೂ ಈ ಪ್ರಶ್ನೆಗೆ ಉತ್ತರ ನನಗೂ ಸಿಕ್ಕಿರಲಿಲ್ಲ. ಆವತ್ತು ಥಟ್ಟನೆ ಹೊಳೆಯಿತು. “ಶಿವರಾತ್ರಿಗೆ ಜನ ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗ್ತಾರಲ್ಲಮ್ಮ, ಬಸ್ಸಿಲ್ವಾ?” ಅಂದೆ.

“ಓ, ಹರಕೆಯಾ! ಮೊದಲೇ ಹೇಳಬಾರದಾ?” ಅಂದವಳೇ ತಿಪಟೂರಿನ ಅರ್ಧ ಊರಿಗೆ ಮಗ ಸೈಕಲ್ ಹರಕೆ ಹೊತ್ತಿದ್ದಾನೆ ಅಂತ ಹೇಳಿಕೊಂಡು ಬಂದಳು. ಏನು ಕಷ್ಟವಂತೆ ಪಾಪ, ಅಂತ ಸೋದರತ್ತೆಯಿಂದ ಫೋನೂ ಬಂತು.

ನಮ್ಮ ಹರಕೆಗೂ ಇವರದಕ್ಕೂ ಒಂದೇ ವ್ಯತ್ಯಾಸ. ನಮ್ಮಲ್ಲಿ ಮೈಯೂ ನಮ್ಮದೇ, ಹುಂಡಿಗೆ ಹಾಕುವ ಕಾಸೂ ನಮ್ಮದೇ. ಇಲ್ಲಿ ಮೈ ನಮ್ಮದು, ಕಾಸು ಊರವರದು. ಆಫೀಸು, ಪಕ್ಕದ ಮನೆ, ಮಗಳ ಸ್ಕೂಲಿನ ಗೇಟು, ಎಲ್ಲ ಕಡೆ ಕೈಚಾಚಬೇಕು. ಇಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟು ಒಂದು ಸಣ್ಣ ಚೌಕದಲ್ಲಿ ಟಿಕ್ ಹಾಕಿದರೆ, ಸರ್ಕಾರ ಅದಕ್ಕೆ ಇನ್ನೊಂದು 25 ಪೆನ್ಸ್ ಸೇರಿಸುತ್ತದೆ. ಈ ಲೆಕ್ಕ ಕೇಳಿ ಖುಷಿಯಾದವನು ರೆಡಿಂಗ್‌ನಲ್ಲಿರುವ ನನ್ನ ಅರಸೀಕೆರೆ ಗೆಳೆಯ ಒಬ್ಬನೇ. ಲೆಕ್ಕ ಅಂದರೆ ಅವನಿಗೆ ಪ್ರಾಣ. “ಮೈಲಿಗೊಂದು ಪೌಂಡು. 54 ಮೈಲಿ, 54 ಪೌಂಡು. ಆದರೆ ಮೈಲಿ ಪಕ್ಕಾ ಇರಬೇಕು” ಅಂದ. ಆ ‘ಪಕ್ಕಾ’ ಅನ್ನುವ ಮಾತನ್ನು ನಾನು ಆಗಲೇ ಗಮನಿಸಬೇಕಿತ್ತು.

54 ಮೈಲಿ ಅಂದರೆ ಸುಮಾರು 87 ಕಿಲೋಮೀಟರ್. ಲಂಡನ್ನಿನ ಕ್ಲಾಪಮ್ ಕಾಮನ್ ಮೈದಾನದಿಂದ ಬ್ರೈಟನ್ನಿನ ಸಮುದ್ರದವರೆಗೆ. ಪ್ರತಿ ಜೂನ್‌ನಲ್ಲಿ ಸಾವಿರಾರು ಜನ ಒಟ್ಟಿಗೆ ಹೋಗುವ ಹೆಸರಾದ ದಾರಿ ಅದು. ನಾವು ಆ ಜಾತ್ರೆ ಬಿಟ್ಟು ಬೇರೆ ದಿನ ನಮ್ಮ ಪಾಡಿಗೆ ಆಫೀಸಿನ ಹನ್ನೊಂದು ಜನ ಹೊರಟಿದ್ದೆವು. ನನ್ನ ಸೈಕಲ್ ಅನುಭವ ಕಡಿಮೆಯೇನಲ್ಲ. ಬಾಡಿಗೆ ಅಟ್ಲಾಸಿನಲ್ಲಿ ಒಳಪೆಡಲ್ ಹೊಡೆದು ಕಲಿತವನು. ಸೀಟಿನ ಮೇಲೆ ಕೂರುವ ಹೊತ್ತಿಗೆ ಪಿಯುಸಿ ಮುಗಿದು ಸ್ಕೂಟರ್ ಬಂತು, ಅಷ್ಟೇ.

ಎರವಲು ಸೈಕಲ್ ಕೊಟ್ಟವರು ನಮ್ಮ ಗುಂಪಿನ ಗುರುಗಳು. ಸೈಕಲ್ಲಿನವರು ಹಾಕುವ ಮೈಗಂಟುವ ಲೈಕ್ರಾ ಬಟ್ಟೆ ನೋಡಿ, ನಾನು ಮನಸ್ಸಿನಲ್ಲೇ ಅವರಿಗೆ ಲೈಕ್ರಾ ಸಾಹೇಬ್ರು ಅಂತ ಹೆಸರಿಟ್ಟಿದ್ದೆ. ಐವತ್ತೆಂಟು ವಯಸ್ಸು, ಕಾಲಿನ ಕೂದಲನ್ನೂ ಬೋಳಿಸಿಕೊಂಡಿರುವ ಮನುಷ್ಯ. ಅವರು ನನಗೆ ಕೊಟ್ಟ ಉಪದೇಶ ಎರಡೇ. ಹಿಂಭಾಗಕ್ಕೆ ಮೆತ್ತೆ ಹೊಲಿದಿರುವ ಚಡ್ಡಿ ತಗೋ. ಅದರೊಳಗೆ ಇನ್ನೊಂದು ಚಡ್ಡಿ ಹಾಕಬೇಡ. ಮೊದಲನೆಯದನ್ನು ಕೇಳಿದೆ. ಎರಡನೆಯದನ್ನು ಕೇಳಲು ನಾನು ಬೆಳೆದ ರೀತಿ ಬಿಡಲಿಲ್ಲ. ತೊಡೆ ಸಂದಿಗೆ ಹಚ್ಚಿಕೊಳ್ಳಲು ಒಂದು ಕ್ರೀಮು ಸಿಗುತ್ತದೆ ಅಂತಲೂ ಹೇಳಿದರು. ಅದರ ಬೆಲೆ ನೋಡಿ ಅಲ್ಲೇ ಬಿಟ್ಟೆ. ಹೆಂಡತಿ ಮಾತ್ರ ಬ್ಯಾಗಿಗೆ ಚಿತ್ರಾನ್ನದ ಡಬ್ಬಿಯ ಜೊತೆ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಯನ್ನೂ ತುರುಕಿದಳು. ತಿಪಟೂರಿನಿಂದ ಯಾರು ಬಂದರೂ ಅಮ್ಮ ಕಳಿಸುವ ಎಣ್ಣೆ ಅದು. “ಯಾಕೆ ಇದು?” ಅಂದೆ. “ಇರಲಿ ಬಿಡಿ, ಬೇಕಾಗುತ್ತೆ” ಅಂದಳು. ಬೆಳಗಿನ ಚಳಿಗೆ ಎಣ್ಣೆ ಮೇಣದ ಹಾಗೆ ಗಟ್ಟಿಯಾಗಿ ಬಿಳಿಚಿಕೊಂಡು ಕೂತಿತ್ತು.

ಬೆಳಿಗ್ಗೆ ಆರೂವರೆಗೆ ಹೊರಟೆವು. ಲಂಡನ್ ದಾಟುವವರೆಗೆ ದಾರಿ ತುಂಬ ಸಿಗ್ನಲ್ಲುಗಳು. ನಮ್ಮ ಮ್ಯಾನೇಜರ್ ಆ ವಾರವಷ್ಟೇ ಪೆಡಲಿಗೆ ಕಚ್ಚಿಕೊಳ್ಳುವ ಹೊಸ ಬೂಟು ಕೊಂಡಿದ್ದರು. ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಬೂಟು ಬಿಡುತ್ತದೆ. ತಿರುಗಿಸಬೇಕು ಅನ್ನೋದು ನೆನಪಾಗುವ ಹೊತ್ತಿಗೆ ಮನುಷ್ಯ ನೆಲದ ಮೇಲಿರುತ್ತಾನೆ. ಮೊದಲ ಸಿಗ್ನಲ್ಲಿನಲ್ಲಿ ಸೈಕಲ್ ನಿಂತಿತು. ಅವರೂ ಒಂದು ಕ್ಷಣ ನಿಂತರು. ಆಮೇಲೆ ಬುಡ ಕಡಿದ ಬಾಳೆಗಿಡದ ಹಾಗೆ, ಯಾವ ಅವಸರವೂ ಇಲ್ಲದೆ ಎಡಕ್ಕೆ ಒರಗಿದರು. ಎರಡೂ ಕೈ ಹ್ಯಾಂಡಲ್ ಮೇಲೇ ಇತ್ತು. ಬಸ್ ಸ್ಟಾಪಿನಲ್ಲಿದ್ದವರು ನೋಡದವರ ಹಾಗೆ ಮೊಬೈಲ್ ತೆಗೆದರು. ಕಾರ್ಶಾಲ್ಟನ್ ದಾಟುವಷ್ಟರಲ್ಲಿ ಇದು ಮೂರು ಸಲ ಆಯ್ತು. ಮೂರು ಸಲವೂ ಎತ್ತಿ ನಿಲ್ಲಿಸಿದವನು ನಾನು. ಆ ವರ್ಷದ ಅಪ್ರೈಸಲ್‌ನಲ್ಲಿ ಈ ವಿಷಯ ಎಲ್ಲೂ ಬರಲಿಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ.

ಊರು ಮುಗಿದು ಹಳ್ಳಿ ರಸ್ತೆ ಶುರುವಾಯ್ತು. ಇಂಗ್ಲೆಂಡಿನ ಹಳ್ಳಿಗಾಡು ಎಷ್ಟು ಚೆಂದ ಅಂತ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಅವನ್ನು ತೆಗೆದವರು ಸೈಕಲ್ಲಿನಲ್ಲಿ ಹೋದವರಲ್ಲ. ರಸ್ತೆ ಅಂದರೆ ನಮ್ಮ ತೋಟದ ಓಣಿಯಷ್ಟು ಅಗಲ. ಎರಡೂ ಕಡೆ ಆಳೆತ್ತರದ ಹಸಿರು ಬೇಲಿ. ಆ ಬೇಲಿಯ ಆಚೆ ಗದ್ದೆ, ಕುರಿ, ಚರ್ಚಿನ ಗೋಪುರ ಎಲ್ಲ ಇರುತ್ತಂತೆ. ನನಗೆ ಕಂಡದ್ದು ಎಡಕ್ಕೆ ಬೇಲಿ, ಬಲಕ್ಕೆ ಬೇಲಿ, ನಡುವೆ ಮ್ಯಾನೇಜರ್ ಬೆನ್ನು. ಒಂದು ತಿರುವಿನಲ್ಲಿ ಕುದುರೆ ಎದುರಾಯ್ತು. ಕುದುರೆ ಕಂಡರೆ ನಿಧಾನ ಮಾಡಿ, ದೂರ ಬಿಟ್ಟು ಹೋಗಬೇಕು ಅನ್ನೋದು ಇಲ್ಲಿನ ನಿಯಮ. ದೂರ ಬಿಡಲು ಜಾಗವೆಲ್ಲಿ? ಬೇಲಿಯೊಳಗೇ ಸೇರಿಕೊಂಡು ದಾರಿ ಬಿಟ್ಟೆ. ಮೇಲೆ ಕೂತಿದ್ದ ಹುಡುಗಿ ಥ್ಯಾಂಕ್ಯೂ ಅಂದಳು. ಬೇಲಿಯ ಬುಡದಲ್ಲಿದ್ದ ತುರಿಕೆ ಗಿಡವೂ ನನ್ನ ಮೊಣಕಾಲಿಗೆ ತನ್ನ ಪಾಲಿನದನ್ನು ಹೇಳಿತು.

ಟರ್ನರ್ಸ್ ಹಿಲ್ ಅನ್ನೋ ಊರು ಹೆಸರಿಗೆ ತಕ್ಕ ಹಾಗೆ ಗುಡ್ಡದ ಮೇಲೇ ಇದೆ. ಹತ್ತಿ ಉಸಿರು ಬಿಡುವ ಹೊತ್ತಿಗೆ ಲೈಕ್ರಾ ಸಾಹೇಬ್ರು ಮುಂದೆ ಹೋಗಿಬಿಟ್ಟಿದ್ದರು. ಹಿಂದೆ ಉಳಿದ ನಾವು ನಾಲ್ಕು ಜನ ಅಕೌಂಟ್ಸ್ ವಿಭಾಗದ ಮೇಡಂ ಮೊಬೈಲಿನಲ್ಲಿದ್ದ ನಕ್ಷೆಯನ್ನು ನಂಬಿದೆವು. ನಮ್ಮೂರಲ್ಲಾಗಿದ್ದರೆ ಬೀಡಿ ಅಂಗಡಿಯಲ್ಲಿ ಒಂದು ಮಾತು ಕೇಳುತ್ತಿದ್ದೆವು. ಇಲ್ಲಿ ಮೈಲಿಗಟ್ಟಲೆ ಹೋದರೂ ರಸ್ತೆ ಬದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಆರ್ಡಿಂಗ್ಲಿ ಕಡೆ ಹೋಗಬೇಕಾದವರು ಬಾಲ್ಕಮ್ ಕಡೆ ತಿರುಗಿದ್ದೆವು. ತಪ್ಪಿದ್ದು ಗೊತ್ತಾದದ್ದು ಎದುರಿಗೆ ದೊಡ್ಡ ರೈಲ್ವೆ ಸೇತುವೆ ಬಂದು ನಿಂತಾಗ.

ಔಸ್ ಕಣಿವೆಯ ಸೇತುವೆ ಅದು. 1841ರಲ್ಲಿ ಶುರುವಾದದ್ದು. 37 ಕಮಾನು. 1 ಕೋಟಿ 10 ಲಕ್ಷ ಇಟ್ಟಿಗೆ ಹಿಡಿದಿದೆಯಂತೆ. ಅದರ ಮೇಲೆ ಲಂಡನ್ನಿನಿಂದ ಬ್ರೈಟನ್ನಿಗೆ ಹೋಗುವ ರೈಲು ತಣ್ಣಗೆ ಹಾದುಹೋಯಿತು. ಒಳಗೆ ಜನ ಕಾಫಿ ಕುಡಿಯುತ್ತಾ ಕೂತಿದ್ದರು. ಕೆಳಗೆ ನಾವು ನಾಲ್ಕು ಜನ ಸೈಕಲ್ ಹಿಡಿದು ತಲೆಯೆತ್ತಿ ನೋಡುತ್ತಾ ನಿಂತಿದ್ದೆವು. ಅಮ್ಮನ ಪ್ರಶ್ನೆ ಮತ್ತೆ ನೆನಪಾಯಿತು.

ಸುತ್ತಿ ಬಳಸಿ ಲಿಂಡ್‌ಫೀಲ್ಡ್ ತಲುಪಿದಾಗ ನಮ್ಮ ಮೀಟರಿನಲ್ಲಿ ಐದು ಮೈಲಿ ಜಾಸ್ತಿ ಇತ್ತು. ಊರ ನಡುವೆ ಒಂದು ಕೊಳ, ಬಾತುಕೋಳಿಗಳು, ಅದರ ದಡದಲ್ಲಿ ಊಟ. ಅಲ್ಲಿ ಮ್ಯಾನೇಜರ್ ಸೈಕಲ್ ಪಂಚರ್ ಆಗಿತ್ತು. ಇಲ್ಲಿಯವರು ಪಂಚರ್ ಹಾಕುವುದಿಲ್ಲ, ಟ್ಯೂಬನ್ನೇ ಬದಲಾಯಿಸುತ್ತಾರೆ. ತಂದಿದ್ದ ಟ್ಯೂಬುಗಳು ಆಗಲೇ ಮುಗಿದಿದ್ದವು. ಒಬ್ಬರ ಬಳಿ ಪ್ಯಾಚ್ ಡಬ್ಬಿಯೇನೋ ಇತ್ತು, ಆದರೆ ತೂತು ಎಲ್ಲಿದೆ ಅಂತ ಯಾರಿಗೂ ಸಿಗುತ್ತಿಲ್ಲ. ಕಿವಿಗಿಟ್ಟು ಕೇಳುತ್ತಾರೆ, ಕೆನ್ನೆಗಿಟ್ಟು ನೋಡುತ್ತಾರೆ.

ಬಾಲ್ಯವೆಲ್ಲ ಸೈಕಲ್ ಶಾಪಿನ ಮುಂದೆ ನಿಂತು ಕಳೆದದ್ದು ಆವತ್ತು ಕೆಲಸಕ್ಕೆ ಬಂತು. ಟ್ಯೂಬಿಗೆ ಗಾಳಿ ಹೊಡೆದು ಕೊಳದ ನೀರಿಗೆ ಅದ್ದಿದೆ. ಎರಡೂ ಕೈಯಲ್ಲಿ ಹಿಡಿದು, ಗೇಣು ಗೇಣಾಗಿ ಸರಿಸಿಕೊಂಡು ಬಂದೆ. ವಾಲ್‌ಟ್ಯೂಬಿನಿಂದ ನಾಲ್ಕು ಬೆರಳಾಚೆ ಗುಳುಗುಳು ಗುಳ್ಳೆ ಎದ್ದಿತು. ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಬಾಯಲ್ಲಿ ಉಫ್ ಉಫ್ ಅಂತ ಊದಿ ಪ್ಯಾಚ್ ಒತ್ತಿದೆ. ಹತ್ತು ಜನ ಸುತ್ತ ನಿಂತು ಶಸ್ತ್ರಚಿಕಿತ್ಸೆ ನೋಡಿದ ಹಾಗೆ ನೋಡಿದರು. ಹನ್ನೊಂದು ವರ್ಷದಲ್ಲಿ ನನ್ನ ಯಾವ ಪವರ್‌ಪಾಯಿಂಟಿಗೂ ಇಷ್ಟು ಗೌರವ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಬಾತುಕೋಳಿಗಳು ನನ್ನ ಚಿತ್ರಾನ್ನದ ಡಬ್ಬಿಗೆ ಮೂತಿ ಹಾಕಿದ್ದವು. ಕಡಲೆಬೀಜ ಮಾತ್ರ ಆರಿಸಿ ತಿಂದಿದ್ದವು, ಕಳ್ಳವು.

ಬಿಸಿಲೇರಿತ್ತು. ಬ್ಯಾಗಿನೊಳಗೆ ಎಣ್ಣೆ ಕರಗಿ ನೀರಾಗಿತ್ತು. ಒಳಚಡ್ಡಿಯ ಹೊಲಿಗೆ ಅಷ್ಟು ಹೊತ್ತಿಗೆ ನನ್ನ ತೊಡೆಯ ಮೇಲೆ ಏನೇನು ಮಾಡಿತ್ತೋ, ಅದನ್ನು ಬರೆಯುವುದು ಬೇಡ. ಬಾಟಲಿ ತಗೊಂಡು ಪಬ್ಬಿನ ಟಾಯ್ಲೆಟ್ಟಿಗೆ ಹೋಗಿ ಬಂದವನ ಮುಖದ ಶಾಂತಿ ನೋಡಿ ಅಕೌಂಟ್ಸ್ ಮೇಡಂ ವಿಚಾರಿಸಿದರು. ಅವರಿಗೂ ತುರಿಕೆ ಗಿಡ ತಗುಲಿತ್ತು, ಮೊಣಕೈಗೆ ಹಚ್ಚಿಕೊಂಡರು. ಕಿರುಗುಟ್ಟುತ್ತಿದ್ದ ನನ್ನ ಚೈನಿಗೂ ನಾಲ್ಕು ಹನಿ ಬಿಟ್ಟೆ. ಲೈಕ್ರಾ ಸಾಹೇಬ್ರು ಹೌಹಾರಿದರು. ಚೈನಿನ ಎಣ್ಣೆಯೇ ಬೇರೆ, ತೊಡೆಯ ಕ್ರೀಮೇ ಬೇರೆ, ಎರಡಕ್ಕೂ ಒಂದೇ ಬಾಟಲಿ ಅಂದರೆ ಏನರ್ಥ ಅಂದರು. ನಮ್ಮಮ್ಮ ತಲೆಗೂ ಇದನ್ನೇ ಹಚ್ಚುತ್ತಾಳೆ ಅಂದೆ.

ಕೊನೆಗೆ ಬಂತು ಡಿಚ್ಲಿಂಗ್ ಬೀಕನ್. ಬ್ರೈಟನ್ನಿಗೆ ಮುಂಚೆ ಗೋಡೆಯ ಹಾಗೆ ನಿಂತಿರುವ ಸುಣ್ಣಕಲ್ಲಿನ ಗುಡ್ಡ. ಎತ್ತರ 248 ಮೀಟರ್. ತಿಪಟೂರಿನ ಬಸ್ ಸ್ಟ್ಯಾಂಡೇ ಸಮುದ್ರಮಟ್ಟದಿಂದ ಇದರ ಮೂರು ಪಟ್ಟಿಗಿಂತ ಎತ್ತರದಲ್ಲಿದೆ. ಹಾಗಾಗಿ ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. 1994ರಲ್ಲಿ ಟೂರ್ ದ ಫ್ರಾನ್ಸ್ ಅನ್ನುವ ಜಗತ್ಪ್ರಸಿದ್ಧ ಸೈಕಲ್ ರೇಸು ಇದರ ಮೇಲೆ ಹಾದುಹೋಗಿದೆ ಅಂತ ಸಾಹೇಬ್ರು ಹೇಳಿದಾಗಲಾದರೂ ಅನುಮಾನ ಬರಬೇಕಿತ್ತು. ಒಂದು ಮೈಲಿಯೂ ಇಲ್ಲದ ಏರು. ಎರಡನೇ ತಿರುವಿಗೆ ನನ್ನ ಇಪ್ಪತ್ತೊಂದು ಗೇರೂ ಮುಗಿದವು. ಇಪ್ಪತ್ತೆರಡನೆಯದು ನಟರಾಜ ಸರ್ವಿಸ್. ಇಳಿದು ತಳ್ಳತೊಡಗಿದೆ.

ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಹಿಂದಿನಿಂದ ಬಂದು, ಸೈಕಲ್ ಇಳಿಯದೆ, ಏದುಸಿರೂ ಬಿಡದೆ, “ಇನ್ನೇನು, ಬಂದೇಬಿಡ್ತು” ಅಂತ ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋದರು. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಕೆಳಗಿಳಿಯುವವರು ಹತ್ತುವವರಿಗೆ ಹೇಳುತ್ತಾರಲ್ಲ, ಅದೇ ಸುಳ್ಳು. ಬಂದೇನೂ ಇರಲಿಲ್ಲ. ಇನ್ನೂ ಎರಡು ತಿರುವಿತ್ತು.

ಮೇಲೆ ಐಸ್‌ಕ್ರೀಂ ವ್ಯಾನ್ ನಿಂತಿತ್ತು. ಒಂದು ಕಡೆ ಸಸೆಕ್ಸ್ ಪೂರ್ತಿ, ಇನ್ನೊಂದು ಕಡೆ ಸಮುದ್ರ. ಬೇಲಿಯಿಲ್ಲದ ಹಳ್ಳಿಗಾಡನ್ನು ಆ ದಿನ ಮೊದಲ ಸಲ ಕಂಡೆ. ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದವನ ಪಕ್ಕಕ್ಕೆ ಲೈಕ್ರಾ ಸಾಹೇಬ್ರು ಬಂದು ಕೂತರು. ಹವಾಮಾನದ ಬಗ್ಗೆ ಎರಡು ಮಾತಾಡಿದರು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಆ ನಿನ್ನ ಎಣ್ಣೆ, ಸ್ವಲ್ಪ ಉಳಿದಿದೆಯಾ?” ಅಂದರು. ಯಾವುದಕ್ಕೆ, ಚೈನಿಗಾ ಅಂತ ನಾನು ಕೇಳಲಿಲ್ಲ.

ಅಲ್ಲಿಂದ ಬ್ರೈಟನ್ನಿಗೆ ಹೆಚ್ಚೂಕಡಿಮೆ ಇಳಿಜಾರೇ. ದಾರಿಯ ಬಲಕ್ಕೆ, ಗುಡ್ಡಗಳ ನಡುವೆ, ಛತ್ರಿ ಅನ್ನುವ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳನ್ನು ಬ್ರೈಟನ್ನಿನ ಅರಮನೆಯಲ್ಲಿ ಆಸ್ಪತ್ರೆ ಮಾಡಿ ನೋಡಿಕೊಂಡಿದ್ದರು. ತೀರಿಕೊಂಡ 53 ಹಿಂದೂ, ಸಿಖ್ ಸಿಪಾಯಿಗಳನ್ನು ಸುಟ್ಟ ಜಾಗದಲ್ಲಿ 1921ರಲ್ಲಿ ಆ ಬಿಳಿ ಮಂಟಪ ನಿಲ್ಲಿಸಿದರು. ರಸ್ತೆಯಿಂದ ಅದು ಕಾಣಲಿಲ್ಲ. ಆದರೂ ಆ ಕಡೆ ತಿರುಗಿ ಒಂದು ಸಲ ಬೆಲ್ ಹೊಡೆದೆ. ಯಾಕೆ ಹೊಡೆದೆನೋ ಗೊತ್ತಿಲ್ಲ.

ಬ್ರೈಟನ್ನಿನ ಕಡಲತೀರದಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು. ಫೋಟೋಗೆ ನಿಲ್ಲುವಾಗ ಮ್ಯಾನೇಜರ್ ನಾಲ್ಕನೇ ಸಲ ಬಿದ್ದರು. ಈ ಸಲ ಎತ್ತಲು ನಾನು ಬಗ್ಗುವ ಸ್ಥಿತಿಯಲ್ಲಿರಲಿಲ್ಲ.

ಸೈಕಲ್ಲುಗಳು ವ್ಯಾನಿನಲ್ಲಿ ಹೋದವು. ನಾವು ರೈಲು ಹತ್ತಿದೆವು. ರೈಲಿನ ಬೋಗಿ ಹೆಚ್ಚೂಕಡಿಮೆ ಖಾಲಿ, ಸೀಟೋ ಸೀಟು. ನಾನು ಬಾಗಿಲ ಬಳಿ ಕಂಬಿ ಹಿಡಿದು ನಿಂತೆ. ಪಾಪ, ಒಬ್ಬ ಹೆಂಗಸು ಪಕ್ಕದ ಸೀಟು ತಟ್ಟಿ ತೋರಿಸಿದರು. ಪರವಾಗಿಲ್ಲ, ನಿಂತರೇ ಆರಾಮ ಅಂದೆ. ಕಿಟಕಿಯಲ್ಲಿ ಔಸ್ ಸೇತುವೆ ದಾಟುತ್ತಿರುವುದು ಕಂಡಿತು. ಅಷ್ಟರಲ್ಲಿ ಅರಸೀಕೆರೆಯವನ ಮೆಸೇಜು ಬಂತು. ಸೈಕಲ್ಲಿನ ಆ್ಯಪಿನಲ್ಲಿ ನನ್ನ ಪೂರ್ತಿ ದಾರಿ, ಎಲ್ಲೆಲ್ಲಿ ಎಷ್ಟು ವೇಗ, ಎಲ್ಲ ತೆಗೆದು ನೋಡಿದ್ದಾನೆ.

“ಒಟ್ಟು 59 ತೋರಿಸ್ತಿದೆ. ದಾರಿ ತಪ್ಪಿದ 5ಕ್ಕೆ ನಾನು ಜವಾಬ್ದಾರನಲ್ಲ. ಬೀಕನ್ ಹತ್ರ ಗಂಟೆಗೆ ಎರಡು ಮೈಲಿ ಸ್ಪೀಡಿದೆಯಲ್ಲೋ, ಅದು ಸೈಕಲ್ಲಾ? ತಳ್ಕೊಂಡು ಹೋಗಿದ್ದಕ್ಕೆ ಅರ್ಧ ರೇಟು.”